ಆಕಾಶವಾಣಿ: ಅಲೆ ಯಾರದು, ಹೆಸರು ಯಾರದು?

ಒಂದು ಕಾಲದಲ್ಲಿ ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ಸಂಜೆ ನಡೆದು ಹೋದರೆ ಮಗ್ಗದ ಸದ್ದಿನ ಜೊತೆಗೆ ಇನ್ನೊಂದು ಸದ್ದೂ ಕೇಳಿಸುತ್ತಿತ್ತು. ಗೋಡೆಯ ಗೂಡಿನಲ್ಲಿ ಇಟ್ಟ ಟ್ರಾನ್ಸಿಸ್ಟರಿನಿಂದ ‘ಆಕಾಶವಾಣಿ, ವಾರ್ತೆಗಳು, ಓದುತ್ತಿರುವವರು...’ ಎಂಬ ಗಂಭೀರ ಧ್ವನಿ. ದೇವನಹಳ್ಳಿಯ ತೋಟದ ಮನೆಯಲ್ಲೂ ಅದೇ, ಪೇಟೆಧಾರಣೆಗಾಗಿ ಕಿವಿ ನಿಮಿರಿಸಿ ಕೂತ ಹೊಸಕೋಟೆಯ ತರಕಾರಿ ಬೆಳೆಗಾರನ ಜಗಲಿಯಲ್ಲೂ ಅದೇ. ದಿನಕ್ಕೆ ಹತ್ತಾರು ಬಾರಿ ಕಿವಿಗೆ ಬಿದ್ದ ಆ ಹೆಸರನ್ನು ಯಾರು ಇಟ್ಟರು ಎಂದು ಆಗ ಕೇಳಿದವರು ಕಡಿಮೆ.

ಕೇಳಿದರೆ ಉತ್ತರ ಒಂದಲ್ಲ. ಮೈಸೂರಿನಲ್ಲಿ ಕೇಳಿದರೆ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಎನ್ನುತ್ತಾರೆ. ಕನ್ನಡ ಸಾಹಿತ್ಯ ಬಲ್ಲವರನ್ನು ಕೇಳಿದರೆ ನಾ. ಕಸ್ತೂರಿ ಎಂದು ತಿದ್ದುತ್ತಾರೆ. ಕೋಲ್ಕತ್ತದಲ್ಲಿ ಕೇಳಿದರೆ ರವೀಂದ್ರನಾಥ ಠಾಕೂರರ ಹೆಸರು ಬರುತ್ತದೆ. ಮೂವರ ಪರವಾಗಿಯೂ ವಾದವಿದೆ. ಆದರೆ ಬಾನುಲಿಯ ಲೋಕದಲ್ಲಿ ಇಂಥ ಜಗಳ ಹೊಸದೇನಲ್ಲ. ಹೆಸರಿನ ಮಾತು ಹಾಗಿರಲಿ, ರೇಡಿಯೊ ಎಂಬ ಯಂತ್ರವನ್ನು ಕಂಡುಹಿಡಿದವರು ಯಾರು ಎಂಬುದೇ ನೂರು ವರ್ಷ ಕಳೆದರೂ ಬಗೆಹರಿದಿಲ್ಲ. ಹೆಸರಿನ ವ್ಯಾಜ್ಯ ಅರ್ಥವಾಗಬೇಕಾದರೆ ಮೊದಲು ಆ ದೊಡ್ಡ ವ್ಯಾಜ್ಯದ ಕಡತವನ್ನೇ ಬಿಚ್ಚುವುದು ಒಳ್ಳೆಯದು.

ಶಾಲೆಯ ಪುಸ್ತಕದಲ್ಲಿ ಉತ್ತರ ಒಂದೇ ಸಾಲಿನದು: ಮಾರ್ಕೋನಿ. ಆದರೆ ಮಾರ್ಕೋನಿ ಹುಟ್ಟುವ ಮೊದಲೇ, 1865ರಲ್ಲಿ, ಸ್ಕಾಟ್ಲೆಂಡಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಇಂಥ ಅಲೆಗಳು ಇರಲೇಬೇಕೆಂದು ಲೆಕ್ಕದಲ್ಲಿ ತೋರಿಸಿದ್ದ. ಜರ್ಮನಿಯ ಹೈನ್‌ರಿಕ್ ಹರ್ಟ್ಸ್ 1887-88ರಲ್ಲಿ ಅವನ್ನು ತನ್ನ ಪ್ರಯೋಗಶಾಲೆಯಲ್ಲಿ ಹುಟ್ಟಿಸಿ, ಹಿಡಿದು ತೋರಿಸಿದ. ಬದುಕಿದ್ದರೆ ಮುಂದಿನ ಜಗಳಕ್ಕೆ ಅವಕಾಶವೇ ಇರುತ್ತಿರಲಿಲ್ಲವೋ ಏನೋ; 1894ರ ಜನವರಿ 1ರಂದು, ಮೂವತ್ತಾರರ ಹರೆಯದಲ್ಲಿ ತೀರಿಕೊಂಡ. ಅವನ ಸ್ಮರಣೆಗೆಂದು ಅದೇ ವರ್ಷ ಇಂಗ್ಲೆಂಡಿನ ಆಲಿವರ್ ಲಾಡ್ಜ್ ಉಪನ್ಯಾಸ ಕೊಟ್ಟು, ಅಲೆಗಳನ್ನು ಗುರುತಿಸುವ ‘ಕೊಹೆರರ್’ ಎಂಬ ಸಾಧನವನ್ನು ಪ್ರದರ್ಶಿಸಿದ. ಗಾಜಿನ ಕೊಳವೆಯಲ್ಲಿ ಲೋಹದ ಪುಡಿ. ಅಲೆ ತಾಗಿದೊಡನೆ ಪುಡಿ ಒಂದಕ್ಕೊಂದು ಅಂಟಿಕೊಂಡು ವಿದ್ಯುತ್ತನ್ನು ಹರಿಯಬಿಡುತ್ತದೆ. ಮತ್ತೆ ಕೆಲಸಕ್ಕೆ ಬರಬೇಕಾದರೆ ಕೊಳವೆಯನ್ನು ತಟ್ಟಿ ಪುಡಿಯನ್ನು ಬಿಡಿಸಬೇಕು. ಇದರ ಮೂಲ ಫ್ರಾನ್ಸಿನ ಎದುವಾರ್ ಬ್ರಾನ್‌ಲಿಯದು, 1890ರದು.

ಲಾಡ್ಜನ ಆ ಉಪನ್ಯಾಸದ ಮುದ್ರಿತ ಪ್ರತಿ ಊರೂರು ಸುತ್ತಿತು. ರಷ್ಯದ ಅಲೆಕ್ಸಾಂಡರ್ ಪಾಪೋವ್ 1895ರ ಮೇ 7ರಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ದೂರದ ಸಿಡಿಲನ್ನು ಗುರುತಿಸುವ ಗ್ರಾಹಕವನ್ನು ತೋರಿಸಿದ. ರಷ್ಯದಲ್ಲಿ ಇಂದಿಗೂ ಮೇ 7 ರೇಡಿಯೊ ದಿನ. ಅಲ್ಲಿಯ ಮಕ್ಕಳ ಪುಸ್ತಕದಲ್ಲಿ ಮಾರ್ಕೋನಿಗಿರುವ ಜಾಗ ಚಿಕ್ಕದು.

ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಜಗದೀಶಚಂದ್ರ ಬೋಸರಿಗೂ ಲಾಡ್ಜನ ಬರಹವೇ ಪ್ರೇರಣೆ. ಅವರು ಮಾಡಿದ್ದು ಮಾತ್ರ ಬೇರೆ. ಉಳಿದವರು ಉದ್ದುದ್ದ ಅಲೆಗಳ ಹಿಂದೆ ಬಿದ್ದಾಗ ಬೋಸರು ಕೇವಲ 5 ಮಿಲಿಮೀಟರಿನಷ್ಟು ಚಿಕ್ಕ ಅಲೆಗಳನ್ನು ಹುಟ್ಟಿಸಿದರು. 1895ರಲ್ಲಿ ಕಲ್ಕತ್ತೆಯ ಟೌನ್‌ಹಾಲಿನಲ್ಲಿ, ಬಂಗಾಳದ ಲೆಫ್ಟಿನೆಂಟ್ ಗವರ್ನರರ ಎದುರಿನಲ್ಲಿ, ಸುಮಾರು 75 ಅಡಿ ದೂರಕ್ಕೆ ಗೋಡೆಗಳ ಮೂಲಕ ಅಲೆಯನ್ನು ಹಾಯಿಸಿ ಗಂಟೆ ಬಾರಿಸಿದರು, ಸಿಡಿಮದ್ದು ಹಾರಿಸಿದರು. ಮಾರ್ಕೋನಿ ಇಂಗ್ಲೆಂಡಿಗೆ ಬಂದದ್ದೇ 1896ರಲ್ಲಿ.

‘ಹಾಗಾದರೆ ರೇಡಿಯೊ ಕಂಡುಹಿಡಿದವರು ಬೋಸರೇ ಅಲ್ಲವೆ, ಮಾರ್ಕೋನಿ ಕದ್ದನಲ್ಲವೆ?’ ನಮ್ಮಲ್ಲಿ ಭಾಷಣಗಳಲ್ಲಿ ಬಹಳ ಕೇಳಿಬರುವ ಮಾತು ಇದು. ಹೆಮ್ಮೆಗೆ ಕಾರಣವಿದೆ, ಆದರೆ ಮಾತು ಅಷ್ಟು ಸಲೀಸಲ್ಲ. ಬೋಸರಿಗೆ ಬೇಕಿದ್ದದ್ದು ಅಲೆಯ ಗುಣ: ಅದು ಬೆಳಕಿನಂತೆ ಬಾಗುತ್ತದೆಯೇ, ಪ್ರತಿಫಲಿಸುತ್ತದೆಯೇ ಎಂಬ ಪ್ರಶ್ನೆ. ಮಾರ್ಕೋನಿಗೆ ಬೇಕಿದ್ದದ್ದು ತಂತಿಯಿಲ್ಲದ ತಂತಿ ಸಂದೇಶ, ಅದರ ವ್ಯಾಪಾರ. ಇಬ್ಬರೂ ಒಂದೇ ಕೆರೆಯ ನೀರಿಗೆ ಇಳಿದವರು; ಒಬ್ಬರು ನೀರಿನ ಆಳ ಅಳೆಯಲು, ಇನ್ನೊಬ್ಬ ದೋಣಿ ನಡೆಸಲು.

ಆದರೂ ಇಬ್ಬರ ದಾರಿ ಒಂದು ಕಡೆ ಅಡ್ಡ ಹಾಯುತ್ತದೆ, ತಕರಾರಿನ ತಿರುಳು ಇರುವುದೂ ಅಲ್ಲಿಯೇ. 1899ರ ಏಪ್ರಿಲ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಬೋಸರ ಒಂದು ಪ್ರಬಂಧ ಮಂಡನೆಯಾಯಿತು. ಪ್ರತಿಬಾರಿ ತಟ್ಟಬೇಕಾಗಿಲ್ಲದ, ತಾನೇ ಸುಧಾರಿಸಿಕೊಳ್ಳುವ ಕೊಹೆರರಿನ ವಿವರ ಅದರಲ್ಲಿತ್ತು. ಕಬ್ಬಿಣ ಮತ್ತು ಪಾದರಸ ಒಂದನ್ನೊಂದು ತಾಗುವಂತೆ ಇಟ್ಟು, ಜೊತೆಗೆ ಟೆಲಿಫೋನಿನ ಕಿವಿತುಂಡನ್ನು ಜೋಡಿಸಿದ ಸಾಧನ. 1901ರ ಡಿಸೆಂಬರ್ 12ರಂದು ಇಂಗ್ಲೆಂಡಿನ ಪೋಲ್ಡುವಿನಿಂದ ಹೊರಟ ಮೂರು ಚುಕ್ಕೆಗಳ ಸಂಕೇತವನ್ನು ಅಟ್ಲಾಂಟಿಕ್ ಸಾಗರದ ಆಚೆ ನ್ಯೂಫೌಂಡ್‌ಲೆಂಡಿನಲ್ಲಿ, ಗಾಳಿಪಟಕ್ಕೆ ಕಟ್ಟಿದ ತಂತಿಯ ಸಹಾಯದಿಂದ ಕೇಳಿದೆನೆಂದು ಮಾರ್ಕೋನಿ ಸಾರಿದಾಗ, ಅವನ ಕಿವಿಯಲ್ಲಿದ್ದದ್ದು ಪಾದರಸದ ಕೊಹೆರರಿಗೆ ಜೋಡಿಸಿದ ಅಂಥದೇ ಟೆಲಿಫೋನು. ಅದನ್ನು ತಂದುಕೊಟ್ಟವನು ಇಟಲಿಯ ನೌಕಾಪಡೆಯ ಅಧಿಕಾರಿ ಲುಯಿಜಿ ಸೋಲಾರಿ, ಮಾರ್ಕೋನಿಯ ಸ್ನೇಹಿತ. ಮೊದಲು ತನ್ನ ಹೆಸರಿನಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ ಮಾರ್ಕೋನಿ, ಆಮೇಲೆ ಅದು ಸೋಲಾರಿಯಿಂದ ಬಂದದ್ದೆಂದು ತಿದ್ದಿಸಿದ. ಸೋಲಾರಿಗೆ ಎಲ್ಲಿಂದ ಬಂತು? ಇಟಲಿಯಲ್ಲೇ ಆಗ ಪತ್ರಿಕೆಗಳಲ್ಲಿ ಜಗಳವಾಯಿತು. ಕಸ್ತೆಲ್ಲಿ ಎಂಬ ನೌಕಾಪಡೆಯ ಕೆಲಸಗಾರನದೆಂದು ಕೆಲವರು, ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಓದಿದ್ದೆಂದು ಸೋಲಾರಿ. ಈ ಹಳೆಯ ಎಳೆಗಳನ್ನೆಲ್ಲ ಹಿಡಿದು, ಆ ಸಾಧನ ಬೋಸರದೇ ಎಂದು 1998ರಲ್ಲಿ ಅಮೆರಿಕದ ವಿದ್ಯುತ್ ಎಂಜಿನಿಯರರ ಸಂಸ್ಥೆಯ ನಿಯತಕಾಲಿಕದಲ್ಲಿ ವಾದಿಸಿದವರು ಪ್ರಬೀರ್ ಬಂದ್ಯೋಪಾಧ್ಯಾಯ. ಬೋಸರ ಪ್ರಬಂಧ ಸಂಕೇತ ಬರುವುದಕ್ಕೆ ಎರಡೂವರೆ ವರ್ಷ ಮೊದಲೇ ಅಚ್ಚಿನಲ್ಲಿತ್ತು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆ ದಿನ ಮಾರ್ಕೋನಿಗೆ ನಿಜಕ್ಕೂ ಸಂಕೇತ ಕೇಳಿಸಿತೇ ಎಂಬ ಅನುಮಾನವೂ ಇದೆ, ಅದು ಬೇರೆ ಕಥೆ.

ಬೋಸರು ಏಕೆ ಸುಮ್ಮನಿದ್ದರು? 1901ರಲ್ಲಿ ಲಂಡನ್ನಿನಿಂದ ಠಾಕೂರರಿಗೆ ಬರೆದ ಕಾಗದದಲ್ಲಿ ಕಾರಣವಿದೆ. ಹೆಸರಾಂತ ತಂತಿ ಕಂಪನಿಯೊಂದರ ಕೋಟ್ಯಧೀಶ ಮಾಲೀಕ ಪೇಟೆಂಟ್ ಅರ್ಜಿಯನ್ನು ಕೈಯಲ್ಲೇ ಹಿಡಿದು ಬಂದು, ಉಪನ್ಯಾಸದಲ್ಲಿ ಎಲ್ಲವನ್ನೂ ಹೇಳಿಬಿಡಬೇಡಿ, ಲಾಭದಲ್ಲಿ ಪಾಲು ಕೊಡುತ್ತೇನೆ ಎಂದು ಅಂಗಲಾಚಿದನಂತೆ. ಬೋಸರಿಗೆ ಅದು ಹೇಸಿಗೆ ಹುಟ್ಟಿಸಿತು. ಕೊನೆಗೆ ಸೋದರಿ ನಿವೇದಿತಾ ಮತ್ತು ಅಮೆರಿಕದ ಸಾರಾ ಬುಲ್ ಅವರ ಒತ್ತಾಯಕ್ಕೆ ಕಟ್ಟುಬಿದ್ದು ಗಲೀನಾ ಹರಳಿನ ಗ್ರಾಹಕವೊಂದಕ್ಕೆ ಅಮೆರಿಕದಲ್ಲಿ ಅರ್ಜಿ ಹೋಯಿತು. 1904ರ ಮಾರ್ಚ್ 29ರಂದು 755,840ನೆಯ ಪೇಟೆಂಟ್ ಸಿಕ್ಕಿತು. ಅದರಿಂದ ಹಣ ಮಾಡಿಕೊಳ್ಳುವ ಗೊಡವೆಗೆ ಬೋಸರು ಹೋಗಲಿಲ್ಲ. ಮಾರ್ಕೋನಿಗೋ ಕಾಗದದ ಬೆಲೆ ಚೆನ್ನಾಗಿ ಗೊತ್ತಿತ್ತು. 1896ರ ಜೂನ್ 2ಕ್ಕೇ ಬ್ರಿಟನ್ನಿನಲ್ಲಿ ಅರ್ಜಿ ಹಾಕಿದ್ದ. 1909ರಲ್ಲಿ ಜರ್ಮನಿಯ ಬ್ರೌನ್ ಜೊತೆ ನೊಬೆಲ್ ಪಾರಿತೋಷಕವೂ ಬಂತು.

ಕಾಗದ ಕೊಟ್ಟದ್ದನ್ನು ಕಾಗದವೇ ಕಿತ್ತುಕೊಳ್ಳಬಲ್ಲದು. ಮೊದಲ ಮಹಾಯುದ್ಧದಲ್ಲಿ ತನ್ನ ಪೇಟೆಂಟುಗಳನ್ನು ಅಮೆರಿಕ ಸರ್ಕಾರ ಪುಕ್ಕಟೆ ಬಳಸಿಕೊಂಡಿತೆಂದು ಮಾರ್ಕೋನಿ ಕಂಪನಿ ದಾವೆ ಹೂಡಿತ್ತು. 1943ರ ಜೂನ್ 21ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ಪ್ರೇಷಕ ಮತ್ತು ಗ್ರಾಹಕಗಳನ್ನು ಶ್ರುತಿಗೂಡಿಸುವ ಮಾರ್ಕೋನಿಯ ಮುಖ್ಯ ಪೇಟೆಂಟನ್ನು ತಳ್ಳಿಹಾಕಿತು. ಲಾಡ್ಜ್, ನಿಕೋಲ ಟೆಸ್ಲಾ ಮತ್ತು ಜಾನ್ ಸ್ಟೋನ್ ಅದನ್ನು ಮೊದಲೇ ಹೇಳಿದ್ದರು ಎಂಬುದು ಕಾರಣ. ಟೆಸ್ಲಾ ಅದೇ ವರ್ಷದ ಜನವರಿಯಲ್ಲಿ ಹೋಟೆಲ್ ಕೋಣೆಯೊಂದರಲ್ಲಿ ಒಂಟಿಯಾಗಿ ತೀರಿಕೊಂಡಿದ್ದ. ‘ಟೆಸ್ಲಾನೇ ರೇಡಿಯೊ ಜನಕ ಎಂದು ನ್ಯಾಯಾಲಯ ತೀರ್ಪು ಕೊಟ್ಟಿದೆ’ ಎಂದು ಅವನ ಅಭಿಮಾನಿಗಳು ಹೇಳುವುದುಂಟು. ತೀರ್ಪಿನಲ್ಲಿ ಹಾಗೇನೂ ಇಲ್ಲ. ಮೊದಲು ಯಶಸ್ವಿಯಾಗಿ ಸಂದೇಶ ಕಳಿಸಿದವನೆಂಬ ಮಾರ್ಕೋನಿಯ ಖ್ಯಾತಿ ತಮ್ಮೆದುರಿನ ಪ್ರಶ್ನೆಯಲ್ಲ ಎಂದು ನ್ಯಾಯಮೂರ್ತಿಗಳು ಬಿಡಿಸಿಯೇ ಹೇಳಿದ್ದಾರೆ.

ಅಲ್ಲದೆ ಇವರೆಲ್ಲ ಕಳಿಸಿದ್ದು ಚುಕ್ಕೆ, ಗೆರೆ ಅಷ್ಟೆ. ಮನುಷ್ಯನ ಮಾತನ್ನು ಅಲೆಯ ಮೇಲೆ ಹೊರಿಸಿದವನು ಕೆನಡಾ ಮೂಲದ ರೆಜಿನಾಲ್ಡ್ ಫೆಸೆಂಡೆನ್, 1900ರ ಡಿಸೆಂಬರಿನಲ್ಲಿ. ಮಗ್ಗದ ಮನೆಯಲ್ಲಿ ಕೇಳಿಸಿದ ರೇಡಿಯೊ ಯಾವುದೋ ಅದರ ಅಜ್ಜ ಅವನು. ಅವನ ಹೆಸರು ನಮ್ಮ ಯಾವ ಶಾಲಾ ಪುಸ್ತಕದಲ್ಲಿದೆ?

ಇನ್ನು ಮೈಸೂರಿಗೆ ಬರಬಹುದು. ಬಾನುಲಿ ಪ್ರಸಾರ ನಮ್ಮ ದೇಶಕ್ಕೆ ಬಂದದ್ದು ಹವ್ಯಾಸಿಗಳ ಕೈಹಿಡಿದು. ಮದರಾಸಿನ ರೇಡಿಯೊ ಕ್ಲಬ್ 1924ರಲ್ಲೇ ಪ್ರಸಾರ ಆರಂಭಿಸಿತ್ತು. 1927ರ ಜುಲೈ 23ರಂದು ಮುಂಬಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಕೇಂದ್ರ ತೆರೆಯಿತು. ಮೂರು ವರ್ಷದೊಳಗೆ ಕಂಪನಿ ಮುಳುಗಿ, 1930ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. ಈ ಊರುಗಳಿಗೆಲ್ಲ ಹಣವಿತ್ತು, ಬಂದರಿತ್ತು, ಕಂಪನಿಗಳಿದ್ದವು. ಮೈಸೂರಿನಲ್ಲಿ ಇದ್ದದ್ದು ಒಬ್ಬ ಮೇಷ್ಟರು.

ಗೋಪಾಲಸ್ವಾಮಿ ಭೌತವಿಜ್ಞಾನಿಯೂ ಅಲ್ಲ, ಎಂಜಿನಿಯರೂ ಅಲ್ಲ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಎಂಬ ಪ್ರಸಿದ್ಧ ಮನಶ್ಶಾಸ್ತ್ರಜ್ಞರ ಕೈಕೆಳಗೆ ಓದಿ ಬಂದು, 1924ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದವರು. ಮನಶ್ಶಾಸ್ತ್ರವೆಂದರೆ ತತ್ತ್ವಶಾಸ್ತ್ರದ ಒಂದು ಮೂಲೆ ಎಂದು ತಿಳಿದಿದ್ದ ಕಾಲದಲ್ಲಿ ಅದಕ್ಕೊಂದು ಪ್ರಯೋಗಶಾಲೆ ಬೇಕೆಂದು ಹಟ ಹಿಡಿದವರು. ಅಂಥವರು 1935ರ ಸೆಪ್ಟೆಂಬರ್ 10ರಂದು ‘ವಿಠಲ ವಿಹಾರ’ ಎಂಬ ತಮ್ಮ ಮನೆಯಲ್ಲಿ 30 ವಾಟ್ ಸಾಮರ್ಥ್ಯದ ಒಂದು ಪ್ರೇಷಕವನ್ನಿಟ್ಟು ಪ್ರಸಾರ ಶುರುಮಾಡಿಬಿಟ್ಟರು. 30 ವಾಟ್ ಎಂದರೆ ಹಳೆಯ ಕಾಲದ ಒಂದು ಟ್ಯೂಬ್‌ಲೈಟು ನುಂಗುತ್ತಿದ್ದ ವಿದ್ಯುತ್ತಿಗಿಂತಲೂ ಕಡಿಮೆ. ಅದು ಸಾಲದಾದಾಗ 250 ವಾಟಿನ ಪ್ರೇಷಕ ತರಿಸಿದರು. ಕೈಯಿಂದ ಖರ್ಚು ಮಾಡಿ, ಸಾಲದ್ದನ್ನು ಊರಿನವರ ನೆರವಿನಿಂದ ತುಂಬಿಸಿ ಆರು ವರ್ಷ ನಡೆಸಿದರು. 1942ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಕೇಂದ್ರವನ್ನು ತನ್ನದಾಗಿಸಿಕೊಂಡಿತು.

ಇದನ್ನು ‘ಭಾರತದ ಮೊಟ್ಟಮೊದಲ ಖಾಸಗಿ ಬಾನುಲಿ ಕೇಂದ್ರ’ ಎಂದು ಬರೆಯುವ ರೂಢಿ ಬಿದ್ದಿದೆ. ಮದರಾಸಿನ ಕ್ಲಬ್ಬೂ ಮುಂಬಯಿಯ ಕಂಪನಿಯೂ ಖಾಸಗಿಯೇ ಆಗಿದ್ದವು ಎಂಬುದನ್ನು ನೆನೆದರೆ ಈ ಮಾತು ನಿಲ್ಲುವುದಿಲ್ಲ. ದೇಶೀ ಸಂಸ್ಥಾನಗಳಲ್ಲಿ ಮೊದಲು ಎನ್ನೋಣವೆಂದರೆ ಹೈದರಾಬಾದಿನ ನಿಜಾಮರ ಕೇಂದ್ರ 1935ರಲ್ಲೇ, ಮೈಸೂರಿಗಿಂತ ಕೆಲವು ತಿಂಗಳು ಮುಂಚೆ ಮಾತನಾಡತೊಡಗಿತ್ತು. ಹಾಗೆಂದು ಮೈಸೂರಿನ ಸಾಹಸ ಕುಗ್ಗುವುದಿಲ್ಲ. ಕ್ಲಬ್ಬಿಲ್ಲ, ಕಂಪನಿಯಿಲ್ಲ, ಹಿಂದೆ ರಾಜಾಜ್ಞೆಯೂ ಇಲ್ಲ. ಮಾಸ್ತರರೊಬ್ಬರ ಮನೆಯೇ ನಿಲಯ. ‘ಮೊದಲು’ ಎಂಬ ಪಟ್ಟಕ್ಕಾಗಿ ಸತ್ಯವನ್ನು ಎಳೆದಾಡಬೇಕಾಗಿಲ್ಲ, ನಡೆದದ್ದೇ ಸಾಕಷ್ಟು ದೊಡ್ಡದು.

ಆ ಕೇಂದ್ರದ ಹೆಸರು ಆಕಾಶವಾಣಿ. ಇಲ್ಲಿಂದಲೇ ಎರಡನೆಯ ವ್ಯಾಜ್ಯ ಆರಂಭ.

ಪದವನ್ನು ಯಾರೂ ಹೊಸದಾಗಿ ಟಂಕಿಸಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ದೇವಕಿ ವಸುದೇವರ ಮದುವೆಯ ದಿಬ್ಬಣದಲ್ಲಿ ಕಂಸ ತಾನೇ ಸಾರಥಿಯಾಗಿ ರಥ ಹೊಡೆಯುತ್ತಿರುವಾಗ ಆಕಾಶದಿಂದ ಮಾತು ಕೇಳಿಬರುತ್ತದೆ. ಹರಿಕಥೆ ಕೇಳಿದವರಿಗೆ, ಬಯಲಾಟ ನೋಡಿದವರಿಗೆ ಅದು ಗೊತ್ತು. ಅಶರೀರವಾಣಿ ಎಂದರೂ ಅದೇ. ಹಳೆಯ ಪದವನ್ನು ಹೊಸ ಯಂತ್ರಕ್ಕೆ ಮೊದಲು ಹೊಂದಿಸಿದವರು ಯಾರು ಎಂಬುದಷ್ಟೇ ಇಲ್ಲಿಯ ಪ್ರಶ್ನೆ. ಇದೂ ಹರ್ಟ್ಸನ ಅಲೆಯಂತೆಯೇ: ಅಲೆ ಮೊದಲೇ ಇತ್ತು, ಅದನ್ನು ಕೆಲಸಕ್ಕೆ ಹಚ್ಚಿದವರು ಯಾರೆಂದು ಜಗಳ.

ಠಾಕೂರರ ಪರವಾದ ವಾದ 1938ಕ್ಕೆ ಸೇರಿದ್ದು. ಆ ವರ್ಷದ ಆಗಸ್ಟಿನಲ್ಲಿ ಕಲ್ಕತ್ತೆಯ ಶಾರ್ಟ್‌ವೇವ್ ಕೇಂದ್ರ ತೆರೆದಾಗ ಅವರು ಬರೆದ ಕವಿತೆಯಲ್ಲಿ ಆ ಹೆಸರು ಬರುತ್ತದೆ. ಮಹಾಕವಿಯ ಬಾಯಲ್ಲಿ ಬಂದ ಮಾತಿಗೆ ದೇಶದ ತುಂಬ ಬೆಲೆ ಸಿಕ್ಕಿದ್ದು ಸಹಜ. ಆದರೆ ತಾರೀಖು ಅವರ ಕಡೆಗಿಲ್ಲ; ಮೈಸೂರಿನ ಕೇಂದ್ರ ಆ ಹೊತ್ತಿಗೆ ಮೂರು ವರ್ಷ ಹಳೆಯದು. ಮೈಸೂರಿನ ಸುದ್ದಿ ಕೇಳಿ ಅವರು ಎರವಲು ಪಡೆದರೆನ್ನುವುದಕ್ಕೂ ಆಧಾರವಿಲ್ಲ. ಪುರಾಣ ಬಲ್ಲ ಇಬ್ಬರಿಗೆ ಒಂದೇ ಹೆಸರು ಹೊಳೆಯುವುದು ಪವಾಡವೇನಲ್ಲ.

ಉಳಿದವರು ಗೋಪಾಲಸ್ವಾಮಿ ಮತ್ತು ಕಸ್ತೂರಿ. ನಾ. ಕಸ್ತೂರಿ ಕೇರಳದ ತ್ರಿಪ್ಪುಣಿತ್ತುರದಲ್ಲಿ ಹುಟ್ಟಿದವರು, ಮನೆಮಾತು ಮಲಯಾಳ. ಮೈಸೂರಿಗೆ ಬಂದು, ಇತಿಹಾಸ ಕಲಿಸುತ್ತ ಕನ್ನಡ ಕಲಿತು, ಕನ್ನಡಿಗರನ್ನು ಕನ್ನಡದಲ್ಲೇ ನಗಿಸಿದವರು. ‘ಕೊರವಂಜಿ’ ಪತ್ರಿಕೆಯ ಓದುಗರಿಗೆ ಅವರ ಹೆಸರು ಚಿರಪರಿಚಿತ. ಪದಗಳನ್ನು ತಲೆಕೆಳಗು ಮಾಡಿ ಹೊಸ ಅರ್ಥ ಹೊರಡಿಸುವ ‘ಅನರ್ಥಕೋಶ’ದ ಕರ್ತೃ ಅವರೇ. ಪುರಾಣದ ಒಂದು ಪದವನ್ನು ಎತ್ತಿ ವಿಲಾಯಿತಿ ಯಂತ್ರಕ್ಕೆ ತೊಡಿಸುವುದು ಅಂಥ ಮನಸ್ಸಿಗೆ ಒಪ್ಪುವ ಕೆಲಸ. ಹೆಸರು ಸೂಚಿಸಿದವರು ಕಸ್ತೂರಿ ಎಂದು ಕನ್ನಡ ಸಾಹಿತ್ಯ ವಲಯ ಬಲವಾಗಿ ನಂಬಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ಆದರೆ ಅನೇಕ ಗ್ರಂಥಗಳು ಹೆಸರನ್ನು ನೇರವಾಗಿ ಗೋಪಾಲಸ್ವಾಮಿಯವರ ಖಾತೆಗೇ ಬರೆದಿವೆ. ವರ್ಷದ ವಿಷಯದಲ್ಲೂ ಒಮ್ಮತವಿಲ್ಲ. ಕೆಲವರು 1935 ಎಂದರೆ ಕೆಲವರು 1936 ಎನ್ನುತ್ತಾರೆ.

ಪೇಟೆಂಟ್ ಕಚೇರಿಯಲ್ಲಿ ಹೆಸರುಗಳನ್ನು ದಾಖಲು ಮಾಡುವುದಿಲ್ಲ. ಸ್ನೇಹಿತರಿಬ್ಬರು ಮಾತನಾಡುತ್ತ ಕೂತಾಗ ಹೊಳೆದ ಪದಕ್ಕೆ ಸಾಕ್ಷಿ ಎಲ್ಲಿಂದ ಬರಬೇಕು? ಪದ ಕಸ್ತೂರಿಯವರದೇ ಎಂದು ಇಟ್ಟುಕೊಂಡರೂ, ಅದನ್ನು ಒಪ್ಪಿ, ಯಂತ್ರ ತರಿಸಿ, ದಿನವೂ ಆ ಹೆಸರಿನಲ್ಲಿ ಗಾಳಿಗೆ ಮಾತು ಬಿಟ್ಟವರು ಗೋಪಾಲಸ್ವಾಮಿ. ಲಾಡ್ಜನ ಪಾಲು ಎಲ್ಲಿ ಮುಗಿದು ಮಾರ್ಕೋನಿಯ ಪಾಲು ಎಲ್ಲಿ ಮೊದಲಾಯಿತೆಂದು ಗೆರೆ ಎಳೆಯುವುದು ಎಷ್ಟು ಕಷ್ಟವೋ ಇದೂ ಅಷ್ಟೇ ಕಷ್ಟ. ಒಂದು ವ್ಯತ್ಯಾಸವಿದೆ. ಅಲ್ಲಿ ವಾದಿ ಪ್ರತಿವಾದಿಗಳೇ ಕಚ್ಚಾಡಿದರು. ಇಲ್ಲಿ ಜಗಳವಾಡುತ್ತಿರುವವರು ಅಭಿಮಾನಿಗಳು ಮಾತ್ರ.

ಹೆಸರಿನ ಕೀರ್ತಿಯನ್ನು ಬೇಕೆಂದೇ ಇನ್ನೊಬ್ಬರಿಗೆ ದಾಟಿಸಿದ ಪ್ರಸಂಗವೂ ಇದೇ ಕಾಲದಲ್ಲಿ ನಡೆಯಿತು. ದೆಹಲಿಯಲ್ಲಿ ಸರ್ಕಾರದ ಪ್ರಸಾರ ವಿಭಾಗದ ಮುಖ್ಯಸ್ಥರಾಗಿ ಬಿ.ಬಿ.ಸಿ.ಯಿಂದ ಬಂದಿದ್ದ ಲಯೊನಲ್ ಫೀಲ್ಡನ್ ಅವರಿಗೆ ‘ಇಂಡಿಯನ್ ಸ್ಟೇಟ್ ಬ್ರಾಡ್‌ಕಾಸ್ಟಿಂಗ್ ಸರ್ವೀಸ್’ ಎಂಬ ಉದ್ದನೆಯ ಹೆಸರು ಹಿಡಿಸಿರಲಿಲ್ಲ. ಕಾರ್ಯಾಲಯ ಒಪ್ಪುತ್ತಿರಲಿಲ್ಲ. ಒಂದು ಔತಣ ಮುಗಿದ ಮೇಲೆ ಅವರು ವೈಸ್‌ರಾಯ್ ಲಿನ್‌ಲಿತ್‌ಗೊ ಅವರನ್ನು ಹಿಡಿದು, ‘ದೊಡ್ಡ ಕಷ್ಟದಲ್ಲಿದ್ದೇನೆ, ತಾವೇ ದಾರಿ ತೋರಬೇಕು’ ಎಂಬ ಧಾಟಿಯಲ್ಲಿ ಶುರುಮಾಡಿದರಂತೆ. ಬ್ರಾಡ್‌ಕಾಸ್ಟಿಂಗ್ ಎಂಬುದು ಭಾರತೀಯರ ನಾಲಗೆಗೆ ತೊಡಕಲ್ಲವೆ, ಇಡೀ ದೇಶಕ್ಕೆ ಸಲ್ಲುವ ಪದ ಬೇಕಲ್ಲವೆ ಎಂದು ಒಂದೊಂದೇ ಎಳೆ ಬಿಡುತ್ತ ಹೋದಾಗ ವೈಸ್‌ರಾಯರು ಮೊದಲು ‘ಆಲ್ ಇಂಡಿಯಾ’ ಎಂದರು, ಆಮೇಲೆ ‘ರೇಡಿಯೊ’ ಎಂದರು. ಆಹಾ, ಎಂಥ ಹೆಸರು ಎಂದು ಫೀಲ್ಡನ್ ಬೆರಗು ನಟಿಸಿದರು. 1936ರ ಜೂನ್ 8ರಂದು ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ಜಾರಿಗೆ ಬಂತು. ಈ ಕಥೆಗೆ ಇರುವ ಸಾಕ್ಷಿ ಫೀಲ್ಡನ್ ಬರೆದ ಆತ್ಮಕಥೆಯೇ, ಎಂದ ಮೇಲೆ ಕೊನೆಗೂ ಕೀರ್ತಿ ಯಾರಿಗೆ ಸಂದಿತೆಂದು ಹೇಳಬೇಕಾಗಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಮೈಸೂರು ಕೇಂದ್ರ ಆಲ್ ಇಂಡಿಯಾ ರೇಡಿಯೊದ ವಶಕ್ಕೆ ಹೋಯಿತು. 1955ರ ನವೆಂಬರ್ 2ರಂದು ಬೆಂಗಳೂರು ಕೇಂದ್ರ ಆರಂಭವಾಯಿತು, ಮೈಸೂರಿನದು ಅಲ್ಲಿಗೆ ಸ್ಥಳಾಂತರವಾಯಿತು. ಬೆಂಗಳೂರಿನ ಸುತ್ತಲಿನ ದೊಡ್ಡಬಳ್ಳಾಪುರ, ದೇವನಹಳ್ಳಿ, ನೆಲಮಂಗಲದ ಹಳ್ಳಿಗಳಿಗೆ ಬಾನುಲಿ ಹತ್ತಿರವಾದದ್ದು ಹೀಗೆ. ಎಲ್ಲವನ್ನೂ ಶುರುಮಾಡಿದ ಮೈಸೂರಿಗೆ ಮಾತ್ರ ಸ್ವಂತ ಕೇಂದ್ರ ತಪ್ಪಿತು. ಅದು ಮರಳಿ ಸಿಕ್ಕಿದ್ದು 1974ರಲ್ಲಿ. ಹೊಸ ಕೇಂದ್ರ ಎದ್ದದ್ದು ವಿಠಲ ವಿಹಾರದಿಂದ ಕೂಗಳತೆಯ ದೂರದಲ್ಲಿ. ಅದನ್ನು ನೋಡಲು ಗೋಪಾಲಸ್ವಾಮಿ ಇರಲಿಲ್ಲ, 1957ರಲ್ಲೇ ತೀರಿಕೊಂಡಿದ್ದರು. ಆಲ್ ಇಂಡಿಯಾ ರೇಡಿಯೊ ದೇಶಕ್ಕೆಲ್ಲ ಆಕಾಶವಾಣಿಯಾದದ್ದೂ ಅದೇ 1957ರಲ್ಲಿ. 1990ರ ದಶಕದಲ್ಲಿ ಯಲಹಂಕದ ಬಳಿ 500 ಕಿಲೊವಾಟ್ ಸಾಮರ್ಥ್ಯದ ಶಾರ್ಟ್‌ವೇವ್ ಪ್ರೇಷಕಗಳು ಬಂದಾಗ, 30 ವಾಟಿನಲ್ಲಿ ಹೊರಟಿದ್ದ ಆ ಹೆಸರು ಖಂಡಾಂತರಗಳಿಗೆ ಕೇಳಿಸಿತು.

ತಮಿಳುನಾಡು ಮಾತ್ರ ಹೆಸರನ್ನು ಒಪ್ಪಲಿಲ್ಲ. ಅಲ್ಲಿಯವರಿಗೆ ಅದು ದೆಹಲಿ ಹೇರಿದ ಸಂಸ್ಕೃತ, ಹಿಂದಿ. ಅವರದು ‘ವಾನೊಲಿ’, ನಮ್ಮ ಬಾನುಲಿಯ ಒಡಹುಟ್ಟು. 2023ರ ಮೇ ತಿಂಗಳಲ್ಲಿ ಪ್ರಸಾರ ಭಾರತಿ, ಇಂಗ್ಲಿಷ್ ಪ್ರಸಾರವೂ ಸೇರಿದಂತೆ ಎಲ್ಲ ಕಡೆ ಆಲ್ ಇಂಡಿಯಾ ರೇಡಿಯೊ ಎಂಬುದನ್ನು ಬಿಟ್ಟು ಆಕಾಶವಾಣಿ ಎಂದೇ ಹೇಳಬೇಕೆಂದು ಸೂಚಿಸಿದಾಗಲೂ ಚೆನ್ನೈಯಿಂದ ವಿರೋಧ ಬಂತು. ಹೆಸರು ಹುಟ್ಟಿದ್ದು ದೆಹಲಿಯಲ್ಲಲ್ಲ, ಚೆನ್ನೈಯಿಂದ ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರದ ಮೈಸೂರಿನ ಒಂದು ಮನೆಯಲ್ಲಿ ಎಂಬುದು ಆ ಗದ್ದಲದಲ್ಲಿ ಯಾರ ನೆನಪಿಗೂ ಬಂದಂತಿರಲಿಲ್ಲ.